ಬೆನ್ನು ಮಾಡಿ ಕೇಳಿದವಳು

ಕಿವಿ ಕೇಳದವರಲ್ಲಿ ಎರಡು ಬಗೆ. ‘ನಂಗೆ ಕೇಳಿಸಲ್ಲಪ್ಪ’ ಎಂದು ಒಪ್ಪಿಕೊಂಡು ತಾವೇ ಬರುವವರು ಒಂದು ಬಗೆ. ‘ನಂಗೆಲ್ಲ ಸರಿಯಾಗೇ ಕೇಳತ್ತೆ, ಈಗಿನ ಜನಾನೇ ಬಾಯೊಳಗೆ ಗೊಣಗ್ತಾರೆ’ ಎಂದು ಜಗಳ ಕಾಯುತ್ತ ಬರುವವರು ಇನ್ನೊಂದು ಬಗೆ. ಈ ಎರಡನೆಯವರನ್ನು ಮನೆಯವರು ರಟ್ಟೆ ಹಿಡಿದು ಎಳೆದುಕೊಂಡೇ ಬರಬೇಕು. ಪುಲಿಕೇಶಿನಗರದ ಮಾಸ್ಕ್ ರೋಡಿನಲ್ಲಿ ಜಿಯಾವುಲ್ಲಾ ಸಾಹೇಬರ ಕಿವಿ ಮಶೀನಿನ ಅಂಗಡಿ ಇದೆ. ಅಲ್ಲಿ ಕೆಲಸ ಮಾಡುವ ಯಮುನಾ ಎರಡೂ ಬಗೆಯವರನ್ನು ಸಾಕಷ್ಟು ಕಂಡವಳು. ಯಾರ ಮೇಲೂ ರೇಗುವವಳಲ್ಲ. ಆದರೆ ಅವತ್ತು ಬಂದ ಗಿರಾಕಿಯ ಒಂದೇ ಮಾತಿಗೆ ಅವಳು ಕೆಲಸವನ್ನೇ ಮರೆತಳು.

ಅವನನ್ನು ಎಳೆದುಕೊಂಡು ಬಂದವಳು ಅವನ ಅಕ್ಕ ಜಹನಾರಾ. ಬಾಗಿಲಲ್ಲೇ ಶುರು ಮಾಡಿದಳು.

‘ನೋಡಮ್ಮ, ಇವನು ನನ್ನ ತಮ್ಮ. ಹಾಸಿಗೆ ಅಂಗಡಿ ಇಟ್ಕೊಂಡಿದಾನೆ. ಗಿರಾಕಿ ಎದುರಿಗೆ ನಿಂತು ಬಡ್ಕೊಂಡ್ರೂ ಸುಮ್ನೆ ತಲೆ ಆಡಿಸ್ತಾನೆ. ಮನೇಲಿ ಕುಕ್ಕರ್ ಹತ್ತು ಸಲ ಕೂಗಿದ್ರೂ ಎದ್ದು ಹೋಗಿ ಆಫ್ ಮಾಡಲ್ಲ. ಕಿವಿ ಹೋಗಿದ್ಯೋ ಬುದ್ಧಿ ಹೋಗಿದ್ಯೋ, ನೀನೇ ನೋಡಿ ಹೇಳು.’

‘ಬಸ್ ಕರೋ ಆಪಾ, ಸಾಕು,’ ಎಂದ ತಮ್ಮ. ‘ನಂಗೆ ಕೇಳತ್ತೆ.’

ಅಷ್ಟೇ ಅಂದದ್ದು. ಯಮುನಾಳ ಕೈಯಲ್ಲಿದ್ದ ಪುಟ್ಟ ಟಾರ್ಚು ಟೇಬಲ್ಲಿನ ಮೇಲೆ ಬಿತ್ತು. ಎದುರಿಗಿದ್ದ ದಪ್ಪ ಹೊಟ್ಟೆ, ಅರ್ಧ ನೆರೆತ ಗಡ್ಡ, ಹತ್ತಿಯ ಎಳೆ ಅಂಟಿದ ಶರಟು ಯಾವುದೂ ಅವಳಿಗೆ ಗುರುತಿರಲಿಲ್ಲ. ಆ ದನಿ ಮಾತ್ರ ಗುರುತಿತ್ತು. ಹಲಸೂರಿನಿಂದ ಬರುವ ಬಸ್ಸಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಸೊಪ್ಪು ಬಿಡಿಸುವಾಗ, ಹತ್ತು ಹನ್ನೆರಡು ವರ್ಷಗಳಿಂದ ಅವಳ ಕಿವಿಯಲ್ಲಿ ಹಾಡುತ್ತಿದ್ದ ದನಿ ಅದು. ಓವೈಸ್! ‘ಲೋಡ್ ಶೆಡ್ಡಿಂಗ್’ ಬ್ಯಾಂಡಿನ ಓವೈಸ್!

ಯಮುನಾ ಬಾಯಿ ಬಿಡಲಿಲ್ಲ. ಬಿಡುವುದು ಹೇಗೆ? ಅವಳು ಈ ಮನುಷ್ಯನ ಹಾಡನ್ನೆಲ್ಲ ಕದ್ದು ತುಂಬಿಟ್ಟುಕೊಂಡವಳು.

ಅಂಗಡಿಯ ಆಡಿಯಾಲಜಿಸ್ಟ್ ಮೇಡಂ ಕಿವಿ ಪರೀಕ್ಷೆ ಮುಗಿಸಿ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಯಮುನಾಳಿಗೂ ಕೇಳಿಸಿತು. ಎರಡು ಕಿವಿಯೂ ಮೆಲ್ಲಗೆ ಹೋಗುತ್ತಿವೆ. ಈಗಲೇ ಮಶೀನು ಹಾಕಿದರೆ ಇನ್ನು ಕೆಲವು ವರ್ಷ ಹಾಡು ಹಾಡಿನ ಹಾಗೇ ಕೇಳಿಸುತ್ತದೆ. ಆಮೇಲೆ ಮಾತು ತಿಳಿಯಬಹುದು, ಹಾಡಿನ ಬಗ್ಗೆ ಭರವಸೆ ಕೊಡುವುದಕ್ಕೆ ಆಗುವುದಿಲ್ಲ.

ಜಹನಾರಾ ದುಪಟ್ಟಾದಿಂದ ಮೂಗೊರೆಸಿಕೊಂಡು ಯಮುನಾಳ ಪಕ್ಕ ಬಂದು ಕೂತಳು. ‘ಹಾಡ್ತಿದ್ದ ಕಣಮ್ಮ ಇವನು. ಇಂದಿರಾನಗರದಲ್ಲಿ ಜನ ಇವನಿಗೋಸ್ಕರ ಬರ್ತಿದ್ರು. ಈಗ ಕೇಳೋಣ ಅಂದ್ರೆ ಒಂದು ಹಾಡೂ ಇವನ ಹತ್ರ ಇಲ್ಲ. ಕ್ಯಾಸೆಟ್ಟಿಲ್ಲ, ಸೀಡಿ ಇಲ್ಲ, ಏನೂ ಇಲ್ಲ. ಯಾರಾದ್ರೂ ರೆಕಾರ್ಡ್ ಮಾಡಿದ್ರೆ ಸ್ಟೇಜಿಂದಲೇ ಬೈದು ಆಚೆ ಕಳಿಸ್ತಿದ್ದ, ಪುಣ್ಯಾತ್ಮ. ಕಿವಿ ಪೂರ್ತಿ ಹೋಗೋದ್ರೊಳಗೆ ಅವನ ದನಿ ಅವನಿಗೆ ಒಂದ್ಸಲ ಕೇಳಿಸ್ಬೇಕು ಅಂತ ನಂಗಾಸೆ. ಎಲ್ಲಿಂದ ತರ್ಲಿ?’

ಯಮುನಾ ಟಾರ್ಚನ್ನು ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಹಲಸೂರಿನ ಮನೆಯ ಗೋಡೆ ಗೂಡಿನಲ್ಲಿ, ಅರಿಶಿನದ ಖಾಲಿ ಡಬ್ಬಿಯಲ್ಲಿ, ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡುಗಳಲ್ಲಿ ಅದೆಲ್ಲ ಇತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಮುನಾ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ತಾಯಿ ಜಟ್ಟೆಮ್ಮ ಸೋಮೇಶ್ವರ ಗುಡಿಯ ಹತ್ತಿರ ಹೂವು ಮಾರುತ್ತಾಳೆ. ಮಗಳನ್ನು ಕೆ.ಆರ್. ಪುರಕ್ಕೆ ಕೊಟ್ಟು ಮದುವೆ ಮಾಡಿದ್ದಳು. ಆ ಮನೆಯಲ್ಲಿ ಯಮುನಾಳನ್ನು ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಆದರೆ ಕೂತರೆ ಯಾಕೆ ಕೂತೆ, ನಿಂತರೆ ಯಾಕೆ ನಿಂತೆ. ಊಟಕ್ಕೆ ಕೂತ ಮಣೆಯಿಂದಲೂ ಎಬ್ಬಿಸುವ ಜನ. ಒಂದು ದಿನ ಅವಳು ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಶಿವಾಜಿನಗರದಲ್ಲಿ ಇಳಿದಳು. ಅಲ್ಲಿಂದ ತಾಯಿಮನೆ ಹೆಚ್ಚು ದೂರವಿರಲಿಲ್ಲ. ಕಾಲು ಏಳಲಿಲ್ಲ. ಬಸ್‌ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕೂತಿದ್ದಳು. ಸುದ್ದಿ ತಿಳಿದ ಜಟ್ಟೆಮ್ಮ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡೇ ಹುಡುಕುತ್ತ ಬಂದಳು. ಅಳಲಿಲ್ಲ, ಕರೆಯಲಿಲ್ಲ, ಯಾಕೆ ಬಂದೆ ಎಂದು ಕೇಳಲೂ ಇಲ್ಲ. ‘ಏಳೇ, ಹೂವು ಬಾಡ್ತಿದೆ,’ ಎಂದಳು. ಯಮುನಾ ಎದ್ದು ಅವಳ ಹಿಂದೆ ನಡೆದಳು. ಆಮೇಲೆ ಜಿಯಾವುಲ್ಲಾ ಸಾಹೇಬರ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

ಬಾಲ್ಯದ ಗೆಳತಿ ಮಾರಿಯಾ ಆಗ ಇಂದಿರಾನಗರದ ಒಂದು ಕ್ಲಬ್ಬಿನಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದಳು. ಸೋಫಾ ಅಂಗಡಿಯ ಮೇಲಿನ ಪುಟ್ಟ ಜಾಗ ಅದು, ಹೆಸರೇ ‘ಅಟ್ಟ’. ಜನ ಒಬ್ಬರ ಬೆವರು ಒಬ್ಬರಿಗೆ ತಾಗುವ ಹಾಗೆ ನಿಲ್ಲಬೇಕು. ‘ಬಾರೇ ಯಮುನಾ, ಒಂದು ಭಾನುವಾರ ಹಾಳಾಗೋಗ್ಲಿ’ ಎಂದು ಮಾರಿಯಾ ಎಳೆದುಕೊಂಡು ಹೋದಳು. ಗಿಟಾರು, ಡ್ರಮ್ಮಿನ ಗಲಾಟೆಗೆ ಯಮುನಾ ಮೊದಲು ಕಿವಿ ಮುಚ್ಚಿಕೊಂಡಳು. ಆಮೇಲೆ ಓವೈಸ್ ಹಾಡಿದ. ಅದು ರೇಡಿಯೋದ ಕನ್ನಡವಲ್ಲ, ಶಿವಾಜಿನಗರದ ಕನ್ನಡ. ಬಸ್‌ ಸ್ಟ್ಯಾಂಡಿನಲ್ಲಿ ಚೀಲ ಇಟ್ಟುಕೊಂಡು ಕೂತ ಒಬ್ಬ ಹೆಂಗಸಿನ ಹಾಡು.

ಬೋರ್ಡು ಓದಕ್ ಬರತ್ತೆ, ಊರು ಗೊತ್ತಿಲ್ಲ,
ಟಿಕೀಟ್ ಕೇಳ್ಬೇಡಣ್ಣ, ಇನ್ನೂ ಹತ್ತಿಲ್ಲ,
ಸಂಜೆ ಆಯ್ತು ಅಂತ ಯಾರೂ ಎಬ್ಬಿಸ್ಬೇಡ್ರಿ,
ಕೂತ ಜಾಗ ನಿಂದೇ ಅಂತ ಒಂದ್ಸಲ ಹೇಳ್ರಿ.

ಯಮುನಾ ಕಿವಿಯ ಮೇಲಿದ್ದ ಕೈ ತೆಗೆದಳು. ಯಾರೋ ತನ್ನನ್ನು ಅವತ್ತು ಕಟ್ಟೆಯ ಮೇಲೆ ಕಂಡಿದ್ದಾರೆ, ಕಂಡು ಹೀಯಾಳಿಸಿಲ್ಲ ಎಂದು ಅವಳಿಗೆ ಅನ್ನಿಸಿತು. ಅಲ್ಲಿಂದ ಅವಳು ಅವನ ಯಾವ ಭಾನುವಾರವನ್ನೂ ಬಿಡಲಿಲ್ಲ.

ಹಾಡು ಮನೆಗೂ ಬೇಕು ಅನ್ನಿಸಿದ್ದು ಸಹಜ. ಆದರೆ ಓವೈಸನ ಕಟ್ಟುನಿಟ್ಟು! ಯಾರಾದರೂ ಫೋನ್ ಎತ್ತಿದರೆ ಹಾಡು ನಿಲ್ಲಿಸಿಬಿಡುತ್ತಿದ್ದ. ‘ಒಳಗಿಡು ಗುರು. ಹಾಡು ಡಬ್ಬೀಲಿ ತುಂಬ್ಕೊಂಡು ಹೋಗಕ್ಕೆ ಉಪ್ಪಿನಕಾಯಲ್ಲ. ಬಂದಿದೀಯ, ಮುಖ ನೋಡಿ ಕೇಳು.’ ಬಾಗಿಲಲ್ಲಿ ಫೋನು ಇಸಿದುಕೊಳ್ಳುತ್ತಿದ್ದರು, ಬ್ಯಾಗು ತಡಕುತ್ತಿದ್ದರು.

ಯಮುನಾ ಎಲೆಕ್ಟ್ರಾನಿಕ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಬೆರಳುದ್ದದ ರೆಕಾರ್ಡರನ್ನೂ ಕಡಲೆಕಾಳಿನಷ್ಟು ಮೈಕನ್ನೂ ತಂದಳು. ರೆಕಾರ್ಡರು ಕುಪ್ಪಸದೊಳಗೆ ಕೂತುಬಿಟ್ಟಿತು. ಮೈಕನ್ನು ಎಲ್ಲಿಡುವುದು? ಸೆರಗಿನೊಳಗೆ ಇಟ್ಟರೆ ಬಟ್ಟೆಯ ಸರಬರ, ಅದರ ಹಿಂದೆ ತನ್ನದೇ ಎದೆ ಬಡಿತ. ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಜಟ್ಟೆಮ್ಮ ಕಣ್ಣೆತ್ತದೆ, ಕಟ್ಟುತ್ತಿದ್ದ ಮಲ್ಲಿಗೆಯಿಂದ ಕೈ ತೆಗೆಯದೆ, ‘ತಾ ಇಲ್ಲಿ ಆ ಕಪ್ಪು ಹುಳಾನ’ ಎಂದಳು. ನಾಲ್ಕು ಮೊಗ್ಗು, ಒಂದೆಳೆ ಮರುಗ, ನಡುವೆ ಮೈಕು, ಮತ್ತೆ ನಾಲ್ಕು ಮೊಗ್ಗು. ವೈರು ಜಡೆಯ ಸಂದಿನಲ್ಲಿ ಇಳಿದು ಬೆನ್ನಿಗೆ ಹೋಯಿತು. ಯಾವ ಗಾರ್ಡಮ್ಮನಾದರೂ ಚೀಲಕ್ಕೆ ಕೈ ಹಾಕಿಯಾಳು, ಮುಡಿದ ಹೂವಿಗೆ ಕೈ ಹಾಕುವಳೇ? ನಮ್ಮ ಕಡೆ ಆ ಪದ್ಧತಿಯಿಲ್ಲ.

ಆದರೆ ಮುಡಿ ಇರುವುದು ತಲೆಯ ಹಿಂದೆ. ಮೈಕು ಮುಡಿದ ಮೊದಲ ಭಾನುವಾರ ಎಂದಿನಂತೆ ಮುಂದಿನವರ ತಲೆಗಳ ಹಿಂದೆ, ಏನೂ ಕಾಣದ ಜಾಗದಲ್ಲಿ, ಸ್ಟೇಜಿಗೆ ಮುಖ ಮಾಡಿ ನಿಂತಳು. ಮನೆಗೆ ಬಂದು ಕೇಳಿದರೆ ಹಿಂದಿನವರ ಹರಟೆ, ಲೋಟಗಳ ಕಣಕಣ, ಓವೈಸ್ ಬಾವಿಯೊಳಗಿಂದ ಹಾಡಿದ ಹಾಗೆ. ಮುಂದಿನ ಭಾನುವಾರ ಅವಳು ಸ್ಟೇಜಿನ ಮುಂದೆಯೇ, ಕಂಬದ ಪಕ್ಕ, ಬೆನ್ನು ಮಾಡಿ ನಿಂತಳು. ದನಿ ಕನ್ನಡಿಯ ಹಾಗೆ ಬಂತು. ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ಯಾವತ್ತೂ ತಿರುಗಲಿಲ್ಲ.

‘ಆಂಟಿ, ಸ್ಟೇಜು ಆ ಕಡೆ’ ಎಂದು ಹುಡುಗರು ನಕ್ಕರು. ನಗಲಿ ಎಂದುಕೊಂಡಳು. ತಲೆ ಅಲ್ಲಾಡಿಸುವಂತಿಲ್ಲ, ಕೆಮ್ಮುವಂತಿಲ್ಲ, ಚಪ್ಪಾಳೆಯಂತೂ ಕೂಡದು. ಕಲ್ಲಿನ ಹಾಗೆ ನಿಂತು ಎದುರಿಗಿದ್ದ ಜನರ ಮುಖ ನೋಡುವಳು. ಇವನು ಒಂದು ಸಾಲು ಹಾಡಿದರೆ ಆ ಮುಖಗಳು ಹೇಗೆ ಅರಳುತ್ತವೆ, ಹೇಗೆ ಮೆತ್ತಗಾಗುತ್ತವೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅವನು ಹಾಡುವುದನ್ನು ಮಾತ್ರ ಅವಳು ಒಮ್ಮೆಯೂ ಸರಿಯಾಗಿ ಕಣ್ಣಾರೆ ನೋಡಲಿಲ್ಲ.

ರೆಕಾರ್ಡಿಂಗಿನಲ್ಲಿ ಎರಡು ಸಂಗತಿಗಳಿದ್ದವು. ಒಂದು, ಅವನು ಮೇಲಿನ ಸ್ವರಕ್ಕೆ ಏರುವ ಮುನ್ನ ಪ್ರತಿ ಸಲವೂ ‘ಕಿರ್’ ಎನ್ನುವ ಸದ್ದು. ಸ್ಟೇಜಿನ ಯಾವುದೋ ಹಲಗೆ ಸಡಿಲವಾಗಿದೆ, ಬಡಗಿಗೆ ಹೇಳಬಾರದೇ ಎಂದು ಯಮುನಾ ಬೈದುಕೊಳ್ಳುವಳು. ಇನ್ನೊಂದು ಇದ್ದದ್ದು ಕೊನೆಯ ಭಾನುವಾರದ್ದರಲ್ಲಿ. ಕ್ಲಬ್ಬು ಮುಚ್ಚುವುದಿತ್ತು. ಕಡೆಯ ಹಾಡು ಬಸ್‌ ಸ್ಟ್ಯಾಂಡಿನದು. ಕೊನೆಯ ನಾಲ್ಕು ಸಾಲು, ಅದೇ ‘ಬೋರ್ಡು ಓದಕ್ ಬರತ್ತೆ’, ಬಂದಾಗ ಓವೈಸ್ ಹಾಡಲಿಲ್ಲ. ಗಿಟಾರು ಒಂದೇ ನುಡಿಯುತ್ತಿತ್ತು, ಮಾತಿನ ಜಾಗ ಖಾಲಿ. ಈ ಸಾಲುಗಳನ್ನು ನೀವೇ ಇಟ್ಟುಕೊಳ್ಳಿ ಎಂದು ಅವನು ಕೇಳುವವರಿಗೇ ಬಿಟ್ಟುಕೊಟ್ಟ, ತನಗೇ ಬಿಟ್ಟುಕೊಟ್ಟ ಅನ್ನಿಸಿ ಯಮುನಾ ತಡೆಯಲಾರದೆ ಅತ್ತುಬಿಟ್ಟಳು. ಮೈಕು ಮುಡಿಯಲ್ಲೇ ಇತ್ತಲ್ಲ, ಅಳು ಗಿಟಾರಿಗಿಂತ ಜೋರಾಗಿ ಬಂತು. ಇಷ್ಟು ಚೆನ್ನಾಗಿ ಬಂದಿದ್ದ ರೆಕಾರ್ಡಿಂಗಿಗೆ ತಾನೇ ಮಸಿ ಬಳಿದೆ ಎಂದು ಅವಳಿಗೆ ಎಷ್ಟೋ ದಿನ ಬೇಜಾರಿತ್ತು. ಆದರೂ ಹೆಚ್ಚು ಸಲ ಕೇಳಿದ್ದು ಅದನ್ನೇ.

ಅವತ್ತಿನ ನಂತರ ಓವೈಸ್ ಬೇರೆಲ್ಲೂ ಹಾಡಲಿಲ್ಲ. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಯಮುನಾ ಹೂವು ಮುಡಿಯುವುದನ್ನು ಬಿಟ್ಟಳು.

ಈಗ ಅವನೇ ಕುರ್ಚಿಯಲ್ಲಿ ಕೂತಿದ್ದ. ಮಶೀನು ಸರಿಯಾಗಿ ಕೂರಬೇಕಾದರೆ ಕಿವಿಯ ಅಚ್ಚು ತೆಗೆಯಬೇಕು. ಅದು ಯಮುನಾಳ ಕೆಲಸ. ನಾದಿದ ಹಿಟ್ಟಿನಂಥ ಗುಲಾಬಿ ಮುದ್ದೆಯನ್ನು ಕಿವಿಗೆ ತುಂಬಿ, ಅದು ಗಟ್ಟಿಯಾಗುವ ತನಕ ಕಾಯಬೇಕು. ಕಿವಿ ಮುಚ್ಚಿದವರು ತಮಗೇ ತಿಳಿಯದೆ ಜೋರಾಗಿ ಮಾತಾಡುತ್ತಾರೆ.

‘ಹಾಡು ಯಾಕೆ ಬಿಟ್ರಿ?’ ಎಂದು ಯಮುನಾ ಕೇಳಿಯೇಬಿಟ್ಟಳು. ಅವನಿಗೆ ಕೇಳಿಸಲಿಲ್ಲ. ಜಹನಾರಾ ಅವನ ಮುಖದ ಮುಂದೆ ಬಗ್ಗಿ ಅದನ್ನೇ ಕೂಗಿದಳು.

‘ಎಲ್ರಿಗೂ ಕಿವಿ ಅಂತ ಹೇಳ್ತೀನಿ,’ ಎಂದ ಓವೈಸ್, ಅಂಗಡಿಗೆಲ್ಲ ಕೇಳುವ ಹಾಗೆ. ‘ಕಿವಿ ಆಮೇಲೆ ಹೋಗಿದ್ದು. ಒಬ್ಳು ಹೆಂಗಸು ಬರ್ತಿದ್ಲು. ತಲೆ ತುಂಬ ಮಲ್ಗೆ ಹೂವು. ಮೊದಲ್ನೇ ಸಾಲಲ್ಲಿ ಬಂದು, ನನ್ ಮೂಗಿನ್ ಕೆಳಗೆ, ಬೆನ್ನು ತಿರುಗ್ಸಿ ನಿಂತ್ಕೊಳ್ಳೋಳು. ಒಂದು ಚಪ್ಪಾಳೆ ಇಲ್ಲ. ಒಂದ್ಸಲ ಹಿಂತಿರುಗಿ ನೋಡಿದ್ದಿಲ್ಲ. ಪ್ರತಿ ವಾರ ಬರೋಳು, ಪ್ರತಿ ವಾರ ಹಂಗೇ. ನೂರು ಜನ ಕುಣೀಲಿ, ನಂಗೆ ಕಾಣ್ತಿದ್ದಿದ್ದು ಆ ಬೆನ್ನು ಒಂದೇ. ನಾನು ಬಸ್‌ ಸ್ಟ್ಯಾಂಡಿನ ಹಾಡು ಬರ್ದಿದ್ದು ಅಂಥ ಹೆಂಗಸ್ರಿಗೇ ಅಲ್ವಾ? ಅಂಥವಳೇ ನಿನ್ ಹಾಡು ಸುಳ್ಳು ಕಣೋ ಅಂತ ಬೆನ್ನು ಮಾಡಿದ ಹಾಗಿತ್ತು. ಕೊನೇ ದಿನ ಇವತ್ತಾದ್ರೂ ತಿರುಗ್ತಾಳೆ ಅಂತ ಕಾದೆ. ತಿರುಗ್ಲಿಲ್ಲ. ಗಂಟಲು ಕಟ್ಕೊಂಡ್ಬಿಡ್ತು. ನಾಲ್ಕು ಸಾಲು ಬಾಯಿಂದ ಬರ್ಲೇ ಇಲ್ಲ. ಆಮೇಲೆ ಯಾವತ್ತೂ ಬರ್ಲಿಲ್ಲ.’

‘ಹೆಂಗಸಿನ ಮುಖ ನೋಡಿ ಕೆಟ್ಟವರನ್ನ ಕೇಳಿದೀನಿ,’ ಎಂದಳು ಜಹನಾರಾ. ‘ಬೆನ್ನು ನೋಡಿ ಕೆಟ್ಟೋನು ಇವನೊಬ್ನೇ.’

ಓವೈಸನಿಗೆ ಅದು ಕೇಳಿಸಲಿಲ್ಲ. ‘ಮುಖ ನೋಡಿಲ್ಲ ನಾನು,’ ಎಂದು ಮುಗಿಸಿದ. ‘ಆ ಬೆನ್ನು ಮಾತ್ರ ಎಲ್ಲಿ ಕಂಡ್ರೂ ಗುರುತು ಹಿಡೀತೀನಿ.’

ಯಮುನಾ ಗುಲಾಬಿ ಮುದ್ದೆ ಗಟ್ಟಿಯಾಯಿತೇ ಎಂದು ಬೆರಳಿಂದ ಒತ್ತಿ ನೋಡಿದಳು. ಅಯ್ಯೋ ದೇವರೇ, ತಾನು ಇಷ್ಟು ವರ್ಷ ಅತ್ಯಂತ ಸೊಗಸಾದದ್ದು ಎಂದು ಕೇಳುತ್ತಿದ್ದ ಆ ಖಾಲಿ ಜಾಗ, ಒಬ್ಬನ ಗಂಟಲು ಕಟ್ಟಿದ ಜಾಗವೇ? ಕಟ್ಟಿಸಿದವಳು ತಾನೇ? ಅಚ್ಚು ತೆಗೆದು ಅಲಮಾರಿಯಲ್ಲಿಡಬೇಕಿತ್ತು. ಅವಳು ಅವನಿಗೆ ಬೆನ್ನು ಮಾಡದೆ, ಹಳೇ ಕಟ್ಟಡದ ಮರದ ನೆಲದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಸ್ಟೂಲಿಗೆ ಎಡವಿ, ಅಲಮಾರಿ ಮುಟ್ಟಿದಳು.

‘ಏನಮ್ಮ ಯಮುನಾ,’ ಎಂದರು ಜಿಯಾವುಲ್ಲಾ ಸಾಹೇಬರು ಕನ್ನಡಕದ ಮೇಲಿಂದ ನೋಡಿ, ‘ಗರ್ಭಗುಡಿಯಿಂದ ಬರ್ತಿದೀಯಾ?’

ಅವತ್ತು ಮನೆಯಲ್ಲಿ ಅವಳು ಅನ್ನಕ್ಕೆ ಕೈ ಹಾಕಲಿಲ್ಲ. ಜಟ್ಟೆಮ್ಮ ಹೂವು ಕಟ್ಟುತ್ತ ಕೂತಿದ್ದಳು. ಎಲ್ಲ ಕೇಳಿದ ಮೇಲೆ ಅವಳ ಕೈ ನಿಂತಿತು. ಆ ಕೈ ನಿಲ್ಲುವುದು ಅಪರೂಪ.

‘ನಾನು ಕಟ್ಟಿದ ಹೂವಿಂದ ಒಬ್ಬ ಗಂಡಸಿನ ಬಾಯಿ ಕಟ್ಟೋಯ್ತಾ?’

‘ನಾನೇನು ಬೇಕಂತ ಮಾಡಿದ್ನೇನಮ್ಮ?’

‘ಬೇಕಂತ ಮಾಡ್ಲಿಲ್ಲ ಅಂತ ಅವನಿಗೆ ಗೊತ್ತಾ?’

ಯಮುನಾ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದೊಂದೇ ಹೇಳಿದಳು. ರೆಕಾರ್ಡ್ ಮಾಡುವವರನ್ನು ಕಂಡರೆ ಅವನಿಗೆ ಆಗದು. ಈಗ ಕಾರ್ಡು ಕೊಟ್ಟರೆ, ಕದ್ದವಳೂ ನೀನೇ, ನನ್ನ ಹಾಡು ಕೆಡಿಸಿದವಳೂ ನೀನೇ ಎನ್ನುತ್ತಾನೆ. ಸಾಹೇಬರ ಎದುರಿಗೆ ಉಗಿಯುತ್ತಾನೆ. ಕೊಡದಿದ್ದರೆ ಕಿವಿ ಹೋಗಿಬಿಡುತ್ತದೆ, ಆಮೇಲೆ ಡಬ್ಬಿಯಲ್ಲಿ ಏನಿದ್ದರೇನು? ಹೆಸರು ಹೇಳದೆ ಅಂಚೆಯಲ್ಲಿ ಕಳಿಸಿಬಿಟ್ಟರೆ ಹೇಗೆ?

‘ಹಾಡೇನೋ ಹೋಗತ್ತೆ ಅಂಚೇಲಿ,’ ಎಂದಳು ಜಟ್ಟೆಮ್ಮ. ‘ಅವನ ಕಣ್ಣಲ್ಲಿ ಕೂತಿರೋ ಬೆನ್ನು ಹೋಗತ್ತಾ? ಹೋಗಿ ಎದುರಿಗೆ ಕೊಡು.’

‘ಬೈತಾರಮ್ಮ.’

‘ಬೈಲಿ. ಕಟ್ಟಿದ ಬಾಯಿ ಬಿಚ್ತಲ್ಲ ಅಂದ್ಕೊ.’

ಮಶೀನು ಬರಲು ವಾರ ಹಿಡಿಯಿತು. ಆ ವಾರವೆಲ್ಲ ಯಮುನಾ ಅವನಿಗೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಒಳಗೊಳಗೇ ಒಪ್ಪಿಸಿಕೊಂಡಳು. ಕೊಡುವ ದಿನ ಬೆಳಿಗ್ಗೆ ಜಟ್ಟೆಮ್ಮ ಕೇಳದೆಯೇ ಒಂದು ದಂಡೆ ಕಟ್ಟಿದಳು. ನಾಲ್ಕು ಮೊಗ್ಗು, ಒಂದೆಳೆ ಮರುಗ. ಈ ಸಲ ನಡುವೆ ಹುಳವಿರಲಿಲ್ಲ. ಮಗಳ ತೆಳುವಾದ ಜಡೆಗೆ ತಾನೇ ಮುಡಿಸಿದಳು. ಯಮುನಾ ಬಸ್ಸಿನಲ್ಲಿ ಸೆರಗನ್ನು ತಲೆ ತುಂಬ ಹೊದ್ದುಕೊಂಡು ಕೂತಳು. ಅಂಗಡಿಯಲ್ಲೂ ತೆಗೆಯಲಿಲ್ಲ. ಚಳಿಯೇನಮ್ಮ ಎಂದು ಸಾಹೇಬರು ಕೇಳಿದ್ದಕ್ಕೆ ಹೂಂ ಅಂದಳು.

ಸಾಹೇಬರ ಅಂಗಡಿಯಲ್ಲಿ ಒಂದು ಪದ್ಧತಿ. ಮಶೀನು ಹಾಕಿದ ಮೇಲೆ ಮನೆಯವರು ಯಾರಾದರೂ ಕುರ್ಚಿಯ ಹಿಂದೆ ನಿಂತು ಮಾತಾಡಬೇಕು. ಎದುರಿಗಿದ್ದರೆ ತುಟಿ ನೋಡಿ ಊಹಿಸಿಬಿಡುತ್ತಾರಲ್ಲ, ಅದಕ್ಕೆ. ಆಗ ಏನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಗಂಡನಿಗೆ ಹೆಂಡತಿ ಕರೆಂಟ್ ಬಿಲ್ ಕಟ್ಟಿದಿರಾ ಎಂದು ಕೇಳಿ ತಾನೇ ಅತ್ತುಬಿಡುತ್ತಾಳೆ. ಜಹನಾರಾ ತಮ್ಮನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡಳು.

‘ಓವೈಸ್. ಮಧ್ಯಾಹ್ನಕ್ಕೆ ಖೀಮಾ ಮಾಡಿದೀನಿ.’

‘ಉಪ್ಪು ಸರಿ ಹಾಕಿದ್ಯಾ?’ ಎಂದ ಅವನು, ತಿರುಗದೆ.

ಜಹನಾರಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಸಾಹೇಬರು ‘ಮಾಶಾಅಲ್ಲಾ’ ಎಂದರು. ಓವೈಸ್ ಮಾತ್ರ ಫ್ಯಾನಿನ ಕಡೆ, ರಸ್ತೆಯ ಆಟೋಗಳ ಕಡೆ, ಗೋಡೆಯ ಗಡಿಯಾರದ ಕಡೆ ಹೊಸಬನ ಹಾಗೆ ಕಣ್ಣಾಡಿಸುತ್ತಿದ್ದ.

‘ಇನ್ನೊಂದು ಟೆಸ್ಟ್ ಇದೆ,’ ಎಂದಳು ಯಮುನಾ. ಫೋನು ಕೈಗೆತ್ತಿಕೊಂಡಳು.

ಈಗಿನ ಮಶೀನುಗಳಿಗೆ ಫೋನಿನಿಂದ ನೇರವಾಗಿ ಹಾಡು ಕಳಿಸಬಹುದು. ಹಾಕಿಕೊಂಡವರಿಗೆ ಬಿಟ್ಟು ಬೇರೆಯವರಿಗೆ ಕೇಳುವುದಿಲ್ಲ. ಯಮುನಾ ಕೊನೆಯ ಭಾನುವಾರದ ಕೊನೆಯ ಹಾಡನ್ನು ಒತ್ತಿದಳು. ಚೆನ್ನಾಗಿರುವ ಬೇರೆ ಎಷ್ಟೋ ಇದ್ದವು. ಆದರೆ ತೀರಬೇಕಾದ ಲೆಕ್ಕ ಇದರಲ್ಲೇ ಇತ್ತು.

ಅಂಗಡಿಯಲ್ಲಿ ಸದ್ದಿರಲಿಲ್ಲ. ಯಮುನಾ ಹಳೆಯ ಅಭ್ಯಾಸದಂತೆ ಕೇಳುವವನ ಮುಖ ನೋಡುತ್ತ ನಿಂತಳು. ಈಗ ಗಿಟಾರು ಶುರುವಾಗಿರಬೇಕು. ಈಗ ಡ್ರಮ್ಮು. ಓವೈಸನ ಹುಬ್ಬು ಗಂಟಿಕ್ಕಿತು, ಆಮೇಲೆ ಬಿಚ್ಚಿಕೊಂಡಿತು. ಬಾಯಿ ತೆರೆದುಕೊಂಡಿತು.

‘ಇದು ನಾನು,’ ಎಂದ. ‘ಆಪಾ, ಇದು ನಾನು ಕಣೇ. ಅಟ್ಟ. ಇದು ಅಟ್ಟದ್ದು. ಯಾರು ಮಾಡಿದ್ದು ಇದು? ಎಲ್ಲಿತ್ತು?’

ಜಹನಾರಾಗೆ ಏನೂ ಕೇಳಿಸುತ್ತಿರಲಿಲ್ಲ, ತಮ್ಮನ ಮುಖ ನೋಡಿಯೇ ಅವಳು ಗೋಡೆ ಹಿಡಿದುಕೊಂಡಿದ್ದಳು. ಓವೈಸ್ ಕಣ್ಣು ಮುಚ್ಚಿ, ಎರಡು ಕೈಯಲ್ಲೂ ಕುರ್ಚಿಯ ಹಿಡಿ ಬಿಗಿಹಿಡಿದು ಕೇಳಿದ. ಈಗ ಕೊನೆಯ ಸಾಲುಗಳು ಬರಬೇಕು ಎಂದು ಯಮುನಾಳಿಗೆ ಗೊತ್ತಾಯಿತು, ಯಾಕೆಂದರೆ ಅವನ ಮುಖ ಬಿಳಿಚಿಕೊಂಡಿತು. ಅವನಿಗೂ ಗೊತ್ತಿತ್ತು, ಮುಂದೆ ಏನೂ ಬರುವುದಿಲ್ಲವೆಂದು. ಇನ್ನು ಸಾಕು ಎನ್ನುವಂತೆ ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

‘ಯಾರೋ ಅಳ್ತಿದಾರೆ,’ ಎಂದ.

ಸ್ವಲ್ಪ ಹೊತ್ತು ಕೇಳಿದ.

‘ಹೆಂಗಸು. ತುಂಬಾ ಹತ್ರ. ಮೈಕ್ ಅವಳ ಹತ್ರಾನೇ ಇದೆ. ನಾನು ಹಾಡೋದು ನಿಲ್ಸಿದೀನಿ, ಇವಳು ಅಳ್ತಿದಾಳೆ. ಯಾರಿದು?’ ಕಣ್ಣು ತೆರೆದು ಯಮುನಾಳನ್ನು ನೋಡಿದ. ‘ಹೇಳಮ್ಮ, ಯಾರು?’

ವಾರವೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಯಮುನಾಳಿಗೆ ನೆನಪಾಗಲಿಲ್ಲ. ಅವಳು ತಲೆಯ ಮೇಲಿನ ಸೆರಗು ತೆಗೆದಳು. ತಿರುಗಿ, ಅವನಿಗೆ ಬೆನ್ನು ಮಾಡಿ ನಿಂತಳು.

ಎದುರಿಗೆ ಜಿಯಾವುಲ್ಲಾ ಸಾಹೇಬರ ಕ್ಯಾಲೆಂಡರು ಇತ್ತು. ಯಮುನಾ ಅದನ್ನೇ ನೋಡುತ್ತ, ಬೈಗುಳಕ್ಕೆ ಕಾಯುತ್ತ ನಿಂತಳು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅವನು ಎದ್ದಿದ್ದ.

‘ಮೈಕು ಹೂವಿನಲ್ಲಿತ್ತು,’ ಎಂದಳು ಅವಳು ಕ್ಯಾಲೆಂಡರಿಗೆ. ‘ಹೂವು ಹಿಂದೆ ಇರತ್ತಲ್ಲ ಸಾರ್. ನಾನು ಮುಖ ಮಾಡಿದ್ರೆ ನಿಮ್ಮ ಹಾಡು ಬರ್ತಿರ್ಲಿಲ್ಲ. ಅದಕ್ಕೇ ನಿಂತಿದ್ದು. ಆ ಹಾಡು ನಂದು ಸಾರ್. ಶಿವಾಜಿನಗರದಲ್ಲಿ ಚೀಲ ಇಟ್ಕೊಂಡು ಕೂತಿದ್ದೋಳು ನಾನೇ. ಎಲ್ಲಾ ಹಾಡೂ ಇದೆ, ಒಂದೂ ಅಳಿಸಿಲ್ಲ. ಎಲ್ಲಾ ತಂದಿದೀನಿ. ಬೇಕಾದ್ರೆ ಬೈರಿ.’

ಅವನು ಬೈಯಲಿಲ್ಲ. ಹೊರಗೆ ಒಂದು ಆಟೋ ಹಾರನ್ ಹೊಡೆದು ಹೋಯಿತು. ಆಮೇಲೆ ಅವಳ ಬೆನ್ನ ಹಿಂದೆ, ಹಿಂದೆಲ್ಲ ಬರುತ್ತಿದ್ದಷ್ಟೇ ದೂರದಿಂದ, ಆ ದನಿ ಬಂತು. ತುಕ್ಕು ಹಿಡಿದಿತ್ತು, ಮೊದಲ ಅಕ್ಷರದಲ್ಲೇ ಒಡೆಯಿತು.

ಬೋರ್ಡು ಓದಕ್ ಬರತ್ತೆ...

ಯಮುನಾ ಅಲ್ಲಾಡಲಿಲ್ಲ. ತಲೆ ಅಲ್ಲಾಡಿಸಬಾರದು, ಉಸಿರು ಬಿಗಿಹಿಡಿಯಬೇಕು. ಮುಡಿಯಲ್ಲಿ ಮೈಕಿಲ್ಲ ಎಂಬುದೇ ಅವಳಿಗೆ ಮರೆತುಹೋಗಿತ್ತು. ಒಂದು ಸಾಲಾಯಿತು, ಎರಡಾಯಿತು. ಮೂರನೆಯದಕ್ಕೆ ಮೊದಲು ಹಾಡು ನಿಂತಿತು.

‘ತಿರುಗಮ್ಮ,’ ಎಂದ ಓವೈಸ್. ‘ಅಲ್ಲಾನ ಮೇಲಾಣೆ, ಈ ಸಲ ತಿರುಗಿ ಕೇಳು.’

ಯಮುನಾ ತಿರುಗಿದಳು. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು. ಯಾರೂ ಎಬ್ಬಿಸ್ಬೇಡ್ರಿ ಎಂದು ಹಾಡಿ, ಕೊನೆಯ ಸಾಲಿನ ಮೇಲಿನ ಸ್ವರಕ್ಕೆ ಏರುವ ಮುನ್ನ, ಆ ಭಾರದ ಮನುಷ್ಯ ಕಾಂಪೌಂಡಿನಾಚೆ ಇಣುಕುವ ಹುಡುಗನ ಹಾಗೆ ಎರಡೂ ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ನಿಂತ. ಸಾಹೇಬರ ಅಂಗಡಿಯ ಮರದ ನೆಲ ‘ಕಿರ್’ ಎಂದಿತು.

‘ಅಯ್ಯೋ,’ ಎಂದಳು ಯಮುನಾ ಅಳುತ್ತ ನಗುತ್ತ, ಹಾಡಿನ ಮಧ್ಯೆಯೇ, ‘ಅದು ನೀವಾ!’